ಪಾತ್ರದ ಹಾಳೆ, ಲೋಕದ ಹಾಳೆ

1

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಆಟವೊಂದರ ನಿಯಮಗಳ ಬಗ್ಗೆ ಬರೆಯಹೊರಟಿದ್ದೇನೆ. ಕತೆ, ಕಾವ್ಯ, ಆತ್ಮಕಥನ ಎಲ್ಲ ಬಿಟ್ಟು ಇವನು ಆಟಕ್ಕೆ ಯಾಕೆ ಕೈ ಹಾಕಿದ ಅಂತ ಕೆಲವರಿಗಾದರೂ ಅನ್ನಿಸಬಹುದು. ಕಾರಣ ಸರಳವಾಗಿದೆ. ಕಾದಂಬರಿಯಲ್ಲಿ ಪಾತ್ರ ಹುಟ್ಟುವುದು ಲೇಖಕರ ಮನಸ್ಸಿನೊಳಗೆ. ಅಲ್ಲಿ ಏನು ನಡೆಯಿತು ಎಂಬುದನ್ನು ನಾವು ಓದಿ ಊಹಿಸಬೇಕು. ಈ ಆಟದಲ್ಲಿ ಅದೇ ಕೆಲಸ ನಿಯಮದ ರೂಪದಲ್ಲಿ, ಅಂಕಿಗಳ ಸಮೇತ, ಅಚ್ಚಾದ ಪುಸ್ತಕದಲ್ಲಿ ಸಿಗುತ್ತದೆ. ಯಾರು ಯಾವ ಕುಲದಲ್ಲಿ ಹುಟ್ಟಿದರೆ ಬುದ್ಧಿ ಎಷ್ಟು, ಯಾವ ಕಸುಬಿನಿಂದ ಬಂದರೆ ಬಲ ಎಷ್ಟು ಎಂದು ಪಟ್ಟಿ ಹಾಕಿ ಕೊಟ್ಟಿದ್ದಾರೆ. ಹುಟ್ಟಿಗೂ ಗುಣಕ್ಕೂ ಗಂಟು ಹಾಕುವ ವಿದ್ಯೆಯನ್ನು ತಲೆತಲಾಂತರದಿಂದ ಮೈಮೇಲೆ ಅನುಭವಿಸಿದ ನಮಗೆ ಇಂಥ ಪಟ್ಟಿಗಳನ್ನು ಓದುವ ಕಣ್ಣು ತಾನಾಗೇ ಬಂದಿದೆ. ಆ ಕಣ್ಣನ್ನು ಇಲ್ಲೂ ಬಳಸಬೇಕು ಎಂಬುದು ನನ್ನ ವಾದ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಮೂರು ಕಿರುಪುಸ್ತಕಗಳ ಒಂದು ಪೆಟ್ಟಿಗೆಯಾಗಿ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಕಟ್ಟಿದವರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಆಟ ನಡೆಸುತ್ತಾರೆ. ಊರು, ಕಾಡು, ಕೋಟೆ, ಅಲ್ಲಿರುವ ಜನ ಎಲ್ಲವನ್ನೂ ಬಾಯಲ್ಲಿ ಹೇಳುವವರು ಅವರೇ. ಉಳಿದವರು ತಲಾ ಒಂದೊಂದು ಪಾತ್ರ. ನನ್ನ ಪಾತ್ರ ಬಾಗಿಲು ಒಡೆಯುತ್ತದೆ ಎಂದು ನಾನು ಹೇಳಿದರೆ ಒಡೆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಬಯಲಾಟದಲ್ಲಿ ಪಾತ್ರಧಾರಿಗೆ ಕತೆ ಮೊದಲೇ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಆಡ್ತಾ ಆಡ್ತಾ ಕತೆ ಹುಟ್ಟುತ್ತದೆ.

ಪ್ರತಿ ಪಾತ್ರಕ್ಕೂ ಒಂದು ಹಾಳೆ ಇರುತ್ತದೆ. ಅದರಲ್ಲಿ ಆರು ಗುಣಗಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ ಒಂದು ಅಂಕ. ಜೊತೆಗೆ ಪಾತ್ರ ಯಾವ ಕುಲದ್ದು (ಮನುಷ್ಯ, ಎಲ್ಫ್, ಡ್ವಾರ್ಫ್, ಓರ್ಕ್ ಹೀಗೆ), ಯಾವ ವಿದ್ಯೆ ಕಲಿತದ್ದು (ಯೋಧ, ಮಂತ್ರವಾದಿ, ಪೂಜಾರಿ, ಕಳ್ಳ ಹೀಗೆ). ಈ ಹಾಳೆ ತುಂಬುವುದೇ ಪಾತ್ರಸೃಷ್ಟಿ. ಆಟ ಶುರುವಾಗುವ ಮೊದಲೇ ಅರ್ಧ ಜಗಳ ಮುಗಿಯುವುದು ಇಲ್ಲಿಯೇ.

ಇನ್ನೊಂದು ಮಾತನ್ನು ವಿವರಿಸಬೇಕು: ಮನೆಯ ಕಟ್ಟಳೆ. ಚೌಕಾಬಾರ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಕೆಲವು ಮನೆಗಳಲ್ಲಿ ಉಂಟು, ಕೆಲವು ಮನೆಗಳಲ್ಲಿ ಇಲ್ಲ. ಮದುವೆಯಾಗಿ ಬಂದ ಸೊಸೆ "ನಮ್ಮೂರಲ್ಲಿ ಹಿಂಗಲ್ಲ" ಅಂದರೆ "ನಮ್ಮನೇಲಿ ಹಿಂಗೆ" ಅಂತ ಅತ್ತೆ ಮುಗಿಸುತ್ತಾಳೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೂ ಅಷ್ಟೆ. ಅಚ್ಚಾದ ಪುಸ್ತಕ ಒಂದು, ಮೇಜಿನ ಸುತ್ತ ಕೂತವರು ಒಪ್ಪಿಕೊಂಡ ತಿದ್ದುಪಡಿ ಇನ್ನೊಂದು. ಈ ಲೇಖನ ಆ ತಿದ್ದುಪಡಿಯ ಜಗಳವನ್ನು ಕುರಿತದ್ದು.

2

1974ರ ಪುಸ್ತಕದಲ್ಲಿ ಗುಣಗಳ ಅಂಕಿ ದಾಳದಿಂದ ಬರುತ್ತಿತ್ತು. ಆರು ಮುಖದ ಮೂರು ದಾಳ ಎಸೆದು ಕೂಡಿಸಬೇಕು, ಆರು ಗುಣಕ್ಕೂ ಕ್ರಮವಾಗಿ ಒಂದೊಂದು ಸಲ. ಸರಾಸರಿ ಹತ್ತೂವರೆ, ಹದಿನೆಂಟು ಬೀಳುವುದು 216ರಲ್ಲಿ ಒಂದು ಸಲ. ದಾಳ ಯಾರ ಮುಖವನ್ನೂ ನೋಡುವುದಿಲ್ಲ, ಹಾಗಾಗಿ ಇದು ಸಮಾನತೆ ಎಂದು ಕಾಣುತ್ತದೆ. ಆದರೆ ದಾಳ ಬಿದ್ದ ಮೇಲೆ ಕುಲ ಬರುತ್ತಿತ್ತು. ಆಟದಲ್ಲಿ ಅನುಭವ ಗಳಿಸಿದಂತೆ ಪಾತ್ರ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಮನುಷ್ಯರಿಗೆ ಆ ಏಣಿಗೆ ತುದಿಯಿಲ್ಲ. ಡ್ವಾರ್ಫ್ ಯೋಧನಿಗೆ ಆರನೆಯ ಮೆಟ್ಟಿಲೇ ಕೊನೆ.

1978ರಲ್ಲಿ ಬಂದ ದೊಡ್ಡ ಆವೃತ್ತಿ ಇದನ್ನು ಕೋಷ್ಟಕವಾಗಿ ಬೆಳೆಸಿತು. ಅರೆ-ಓರ್ಕ್ ಆಗಿ ಹುಟ್ಟಿದವರಿಗೆ ಬಲ ಒಂದು ಹೆಚ್ಚು, ತಾಳಿಕೆ ಒಂದು ಹೆಚ್ಚು, ವರ್ಚಸ್ಸು ಎರಡು ಕಡಿಮೆ. ಅರೆ-ಓರ್ಕ್ ಪೂಜಾರಿಯಾದರೆ ನಾಲ್ಕನೆಯ ಮೆಟ್ಟಿಲು ದಾಟುವಂತಿಲ್ಲ, ಯೋಧನಾದರೆ ಹತ್ತನೆಯದು. ಮಂತ್ರವಾದಿ ಆಗುವ ಹಾಗೇ ಇಲ್ಲ. ಅದೇ ಅರೆ-ಓರ್ಕ್ ಬಾಡಿಗೆ ಕೊಲೆಗಾರನಾದರೆ ಮಾತ್ರ ಯಾವ ತಡೆಯೂ ಇಲ್ಲ! ಮಂತ್ರಕ್ಕೆ ಬಾಗಿಲು ಮುಚ್ಚಿ, ದೇವರ ಸನ್ನಿಧಿಯಲ್ಲಿ ಮೆಟ್ಟಿಲು ಎಣಿಸಿ, ಕೊಲೆಗೆ ದಾರಿ ಪೂರ್ತಿ ತೆರೆದಿಟ್ಟ ಈ ಪಟ್ಟಿಯನ್ನು ನಾನು ಮೊದಲ ಸಲ ಓದಿದಾಗ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅದೇ ಪುಸ್ತಕದಲ್ಲಿ ಯಾವ ಕುಲಕ್ಕೆ ಯಾವ ಕುಲ ಕಂಡರೆ ದ್ವೇಷ, ಯಾವುದರ ಮೇಲೆ ಅಸಹ್ಯ, ಯಾವುದರ ಬಗ್ಗೆ ಸಹನೆ ಎಂದು ಅಕ್ಷರ ಸಂಕೇತಗಳಲ್ಲಿ ಗುರುತಿಸಿದ ಇನ್ನೊಂದು ಕೋಷ್ಟಕವೂ ಇತ್ತು. ಹೆಣ್ಣು ಪಾತ್ರದ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಹಾಕಿದ್ದೂ ಅಲ್ಲಿಯೇ. 1981ರ ಸರಳ ಆವೃತ್ತಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮನುಷ್ಯ ಯೋಧನಾಗಬಹುದು, ಕಳ್ಳನಾಗಬಹುದು, ಪೂಜಾರಿಯಾಗಬಹುದು. ಡ್ವಾರ್ಫ್ ಮಾತ್ರ ಡ್ವಾರ್ಫ್ ಅಷ್ಟೆ. ಕುಲವೇ ಅವನ ಕಸುಬು.

ಇಲ್ಲಿ ತಪ್ಪು ತಿಳಿಯಬಾರದು. ಓರ್ಕ್ ಅಂದರೆ ದಲಿತ, ಎಲ್ಫ್ ಅಂದರೆ ಬ್ರಾಹ್ಮಣ ಎಂದು ಸಮೀಕರಣ ಹಾಕುವುದು ನನ್ನ ಉದ್ದೇಶವಲ್ಲ. ಅಂಥ ಓದು ಸುಲಭದ ಓದು, ಅದರಿಂದ ಏನೂ ದಕ್ಕುವುದಿಲ್ಲ. ಗೈಗ್ಯಾಕ್ಸ್ ಮನಸ್ಸಿನಲ್ಲಿ ನಮ್ಮ ವರ್ಣವ್ಯವಸ್ಥೆ ಇರಲಿಲ್ಲ. ಎಲ್ಫ್‌ಗಳಿಗೆ ಕತ್ತಲಲ್ಲಿ ಕಾಣುವ ಕಣ್ಣಿನಂಥ ವಿಶೇಷ ಶಕ್ತಿಗಳಿದ್ದವು. ತಡೆ ಹಾಕದಿದ್ದರೆ ಯಾರೂ ಮನುಷ್ಯ ಪಾತ್ರ ಆಡುವುದಿಲ್ಲ ಎಂಬ ಲೆಕ್ಕಾಚಾರ ಅವರದು. ಆಟದ ಸಮತೋಲ ಎಂದು ಅದನ್ನು ಕರೆದರು. ನಮ್ಮ ಕುತೂಹಲ ಇರಬೇಕಾದ್ದು ಯಾರು ಯಾರ ಪ್ರತಿರೂಪ ಎಂಬುದರಲ್ಲಿ ಅಲ್ಲ. ಗುಣ, ಹುಟ್ಟು, ಏಣಿ ಈ ಮೂರನ್ನು ಜೋಡಿಸಿದ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ.

3

ಆ ಯಂತ್ರ ಒಂದೇ ದಿನದಲ್ಲಿ ಬಿಚ್ಚಿಹೋಗಲಿಲ್ಲ. 2000ದಲ್ಲಿ ಬಂದ ಮೂರನೆಯ ಆವೃತ್ತಿ ಏಣಿಯ ಮಿತಿಗಳನ್ನು ತೆಗೆದುಹಾಕಿತು. ಆದರೆ ಅರೆ-ಓರ್ಕ್‌ಗೆ ಬುದ್ಧಿಯಲ್ಲಿ ಎರಡು, ವರ್ಚಸ್ಸಿನಲ್ಲಿ ಎರಡು ಕಡಿತ ಉಳಿಯಿತು. 2014ರ ಐದನೆಯ ಆವೃತ್ತಿಯ ಮುಖ್ಯ ಪುಸ್ತಕದಲ್ಲಿ ಕಡಿತಗಳು ಹೋಗಿ ಹೆಚ್ಚಳಗಳು ಮಾತ್ರ ಉಳಿದವು; 2016ರ ಇನ್ನೊಂದು ಪುಸ್ತಕದಲ್ಲಿ ಓರ್ಕ್‌ಗೆ ಬುದ್ಧಿಯ ಕಡಿತ ಮತ್ತೆ ಬಂತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನನ್ನು ಪೊಲೀಸರು ಕೊಂದರು. ದೇಶವೇ ಬೀದಿಗೆ ಬಂತು. ಜೂನ್ ತಿಂಗಳಲ್ಲಿ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್‌ನವರು ಹೇಳಿಕೆ ಹೊರಡಿಸಿ, ಇಡೀ ಕುಲವೊಂದನ್ನು ಹುಟ್ಟಿನಿಂದಲೇ ಕೇಡಿಗರೆಂದು ಚಿತ್ರಿಸುವುದನ್ನು ಬಿಡುತ್ತೇವೆ ಎಂದರು. ಬುದ್ಧಿಯ ಕಡಿತ ಆ ವರ್ಷವೇ ಹೋಯಿತು. ನವೆಂಬರಿನಲ್ಲಿ ಬಂದ ಪುಸ್ತಕ, ಕುಲದ ಹೆಚ್ಚಳವನ್ನು ಆಟಗಾರರು ತಮಗೆ ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದು ಎಂದಿತು. 2022ರ ಡಿಸೆಂಬರಿನಲ್ಲಿ 'ರೇಸ್' ಎಂಬ ಪದವನ್ನೇ ಕೈಬಿಟ್ಟು 'ಸ್ಪೀಷೀಸ್' ಎಂದು ಕರೆಯುವುದಾಗಿ ಪ್ರಕಟಿಸಿದರು. 2024ರ ಹೊಸ ಪುಸ್ತಕ ಹಾಗೇ ಬಂತು.

ಈ ಪದಬದಲಾವಣೆಯನ್ನು ಕನ್ನಡದಲ್ಲಿ ಇಟ್ಟು ನೋಡಿದರೆ ಒಂದು ಮೋಜು ಕಾಣುತ್ತದೆ. ರೇಸ್ ಅಂದರೆ ಜನಾಂಗ. ನಮ್ಮಲ್ಲಿ ಜನಾಂಗ ಅಂದರೆ ಜಾತಿಯೂ ಹೌದು, ಊರಲ್ಲಿ "ಯಾವ ಜನಾಂಗದೋರು?" ಅಂತ ಕೇಳುವವರಿಗೆ ಏನು ಬೇಕಾಗಿದೆ ಅಂತ ಎಲ್ಲರಿಗೂ ಗೊತ್ತು. ಇನ್ನು ಸ್ಪೀಷೀಸ್‌ಗೆ ಜೀವಜಾತಿ ಎನ್ನುತ್ತೇವೆ. ಮಾವಿನಲ್ಲಿ ಎಷ್ಟು ಜಾತಿ, ಇದು ಒಳ್ಳೆ ಜಾತಿ ನಾಯಿ ಎಂದು ಹೇಳುವ ಪದವೇ ಮನುಷ್ಯರನ್ನು ವಿಂಗಡಿಸುವ ಪದವೂ ಆಗಿದೆ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಂದ, ಮಾವು ಹಲಸಿನಿಂದ ಬೇರೆಯಾದ ಹಾಗೆ ಬೇರೆ ಎಂದು ನಂಬಿಸುವುದೇ ಜಾತಿಯ ಮೊದಲ ಕೈಚಳಕ. ಹಾಗಾಗಿ ಪದ ಬದಲಾದ ಮಾತ್ರಕ್ಕೆ ಬಿಡುಗಡೆ ಸಿಕ್ಕಿತು ಎಂದು ಕನ್ನಡದ ಓದುಗರು ನಂಬುವುದು ಕಷ್ಟ.

ನಿಜವಾದ ಬದಲಾವಣೆ ಪದದಲ್ಲಿಲ್ಲ, ಅಂಕಿಯಲ್ಲಿದೆ. 2024ರ ಪುಸ್ತಕದಲ್ಲಿ ಗುಣದ ಹೆಚ್ಚಳ ಕುಲದಿಂದ ಬರುವುದಿಲ್ಲ. ಅದು ಪಾತ್ರದ ಹಿನ್ನೆಲೆಯಿಂದ, ಅಂದರೆ ಬಹುಮಟ್ಟಿಗೆ ಹಿಂದಿನ ಕಸುಬಿನಿಂದ ಬರುತ್ತದೆ. ಹದಿನಾರು ಹಿನ್ನೆಲೆಗಳಿವೆ. ಒಂದೊಂದಕ್ಕೂ ಮೂರು ಗುಣ ಗೊತ್ತುಮಾಡಿದ್ದಾರೆ; ಅವುಗಳಲ್ಲಿ ಒಂದಕ್ಕೆ ಎರಡು, ಇನ್ನೊಂದಕ್ಕೆ ಒಂದು ಹೆಚ್ಚಿಸಬಹುದು, ಇಲ್ಲವೇ ಮೂರಕ್ಕೂ ಒಂದೊಂದು. ರೈತನಿಗೆ ಬಲ, ತಾಳಿಕೆ, ವಿವೇಕ. ಕುಲೀನನಿಗೆ ಬಲ, ಬುದ್ಧಿ, ವರ್ಚಸ್ಸು. ಪಂಡಿತನಿಗೆ ತಾಳಿಕೆ, ಬುದ್ಧಿ, ವಿವೇಕ. ನ್ಯಾಯವಾಗಿ ಹೇಳಬೇಕೆಂದರೆ ಕುಶಲಕರ್ಮಿಗೆ, ಕಾವಲುಗಾರನಿಗೆ, ಕೊನೆಗೆ ಅಪರಾಧಿಗೂ ಬುದ್ಧಿಯ ಹೆಚ್ಚಳ ಉಂಟು. ರೈತನಿಗೆ, ನಾವಿಕನಿಗೆ, ಸಿಪಾಯಿಗೆ, ಅಲೆಮಾರಿಗೆ ಇಲ್ಲ.

ಲೆಕ್ಕ ಹಾಕೋಣ. ಪುಸ್ತಕ ಕೊಡುವ ಸಿದ್ಧ ಅಂಕಿಗಳು 15, 14, 13, 12, 10, 8. ರೈತರ ಮನೆಯ ಹುಡುಗಿ ಮಂತ್ರವಿದ್ಯೆ ಕಲಿಯಬೇಕೆಂದರೆ ಅದಕ್ಕೆ ಬೇಕಾದ್ದು ಬುದ್ಧಿ. ಅವಳು 15ನ್ನು ಅಲ್ಲಿ ಹಾಕಬಹುದು, ಅದಕ್ಕಿಂತ ಮೇಲೆ ಹೋಗಲಾರಳು. ಕುಲೀನರ ಹುಡುಗ 15ಕ್ಕೆ ಎರಡು ಸೇರಿಸಿ 17 ಮಾಡಿಕೊಳ್ಳುತ್ತಾನೆ. ಇಪ್ಪತ್ತು ಮುಖದ ದಾಳದಲ್ಲಿ ಈ ಅಂತರ ಒಂದು ಅಂಕದ್ದು, ಅಂದರೆ ಇಪ್ಪತ್ತರಲ್ಲಿ ಒಂದು ಸಲ. ಇಷ್ಟೇ ತಾನೆ ಅನ್ನಬಹುದು. ಆದರೆ ಆಟ ತಿಂಗಳುಗಟ್ಟಲೆ ನಡೆಯುತ್ತದೆ, ದಾಳ ನೂರಾರು ಸಲ ಉರುಳುತ್ತದೆ. ಪುಸ್ತಕ ಓದಿ ಚತುರತನದಿಂದ ಪಾತ್ರ ಕಟ್ಟುವ ಆಟಗಾರರು ರೈತರ ಮಗಳನ್ನು ಮಂತ್ರವಾದಿ ಮಾಡುವುದನ್ನೇ ಬಿಡುತ್ತಾರೆ. ಯಾರೂ ಬೇಡ ಅನ್ನಲಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಆದರೂ ಆ ಹುಡುಗಿ ಒಳಗೆ ಬರಲಿಲ್ಲ.

ಇನ್ನೂ ವಿಚಿತ್ರವಾದ ಸಂಗತಿ ಹಣದ್ದು. ಅದೇ ಪುಸ್ತಕದಲ್ಲಿ ಯಾವ ಹಿನ್ನೆಲೆಯವರಾದರೂ ಸಾಮಾನು ಬೇಡವೆಂದರೆ ತಲಾ 50 ಚಿನ್ನದ ನಾಣ್ಯ ಪಡೆದು ಆಟ ಶುರುಮಾಡಬಹುದು. ರೈತನಿಗೂ 50, ಕುಲೀನನಿಗೂ 50. ಹತ್ತು ವರ್ಷದ ಹಿಂದಿನ ಪುಸ್ತಕದಲ್ಲಿ ಕುಲೀನನ ಚೀಲದಲ್ಲಿ 25, ಸನ್ಯಾಸಿಯ ಹತ್ತಿರ 5 ಇರುತ್ತಿತ್ತು. ಅಂದರೆ ಲೋಕದಲ್ಲಿ ನಿಜವಾಗಿ ಇರುವ ಅಸಮಾನತೆಯನ್ನು, ಆಸ್ತಿಯ ಅಸಮಾನತೆಯನ್ನು ಅಳಿಸಿದ್ದಾರೆ. ಲೋಕದಲ್ಲಿ ಇಲ್ಲದ ಅಸಮಾನತೆಯನ್ನು, ಕಸುಬಿಗೂ ಬುದ್ಧಿಗೂ ಇರುವ ಸಂಬಂಧವನ್ನು, ಉಳಿಸಿಕೊಂಡಿದ್ದಾರೆ. ಶಾಲೆಯಲ್ಲಿ "ನಿಮ್ಮೋರಿಗೆ ಗಣಿತ ಹತ್ತಲ್ಲ ಬಿಡು" ಅನ್ನಿಸಿಕೊಂಡು, ಫೀಜಿಗೆ ದುಡ್ಡಿಲ್ಲದ್ದನ್ನು ಯಾರೂ ಕೇಳದೆ ಬೆಳೆದ ನನ್ನಂಥವರಿಗೆ ಈ ಅದಲುಬದಲು ಹೊಸದೇನಲ್ಲ.

4

ಹುಟ್ಟಿನಿಂದ ಗುಣ ಎನ್ನುವುದನ್ನು ಬಿಟ್ಟು ಕಸುಬಿನಿಂದ ಗುಣ ಎಂದರೆ ಅದು ಮುಂದಕ್ಕೆ ಇಟ್ಟ ಹೆಜ್ಜೆಯೇ? ಈ ಪ್ರಶ್ನೆಯನ್ನು ನಮ್ಮಲ್ಲಿ ಬಾಬಾಸಾಹೇಬರು 1936ರಲ್ಲೇ ಎತ್ತಿಕೊಂಡು ಉತ್ತರಿಸಿದ್ದಾರೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಬರೆದು, ಸಮ್ಮೇಳನ ರದ್ದಾದ ಮೇಲೆ ತಾವೇ ಅಚ್ಚು ಹಾಕಿಸಿದ 'ಜಾತಿ ವಿನಾಶ'ದಲ್ಲಿ ಎರಡು ವಾದಗಳನ್ನು ಅವರು ಎದುರಿಸುತ್ತಾರೆ. ಜಾತಿ ಅಂದರೆ ಶ್ರಮದ ಹಂಚಿಕೆ ಅಷ್ಟೆ ಎಂಬುದು ಮೊದಲನೆಯದು. ಅದು ಶ್ರಮವನ್ನು ಮಾತ್ರವಲ್ಲ, ಶ್ರಮಿಕರನ್ನೇ ಮೇಲುಕೀಳಾಗಿ ಹಂಚುತ್ತದೆ ಎಂದು ಅವರು ತೋರಿಸಿದರು. ಎರಡನೆಯದು ಆರ್ಯಸಮಾಜದವರ ವಾದ: ಹುಟ್ಟಿನ ವರ್ಣ ಬೇಡ, ಗುಣದ ವರ್ಣ ಇರಲಿ. ಗುಣವೇ ಮುಖ್ಯವಾದರೆ ಹಳೆಯ ನಾಲ್ಕು ಹೆಸರುಗಳು ಯಾಕೆ ಬೇಕು ಎಂದು ಅವರು ಕೇಳಿದರು. ಮನುಷ್ಯರು ನಾಲ್ಕು ಡಬ್ಬಿಯಲ್ಲಿ ಹಿಡಿಯುವಷ್ಟು ಸರಳರೂ ಅಲ್ಲ ಎಂದರು. ಅಂಥ ವ್ಯವಸ್ಥೆ ತಾನಾಗಿ ನಿಲ್ಲುವುದಿಲ್ಲ, ಅದಕ್ಕೆ ದಂಡನೆ ಬೇಕಾಗುತ್ತದೆ ಎಂದು ಹೇಳಿ ಶಂಬೂಕನ ವಧೆಯನ್ನು ನೆನಪಿಸಿದರು.

ನಾಲ್ಕು ಡಬ್ಬಿಗಳು ಹದಿನಾರಾದರೂ ಪ್ರಶ್ನೆ ಅದೇ. ಹೊಲದಲ್ಲಿ ದುಡಿಯುವವರಿಗೆ ತಾಳಿಕೆ ಬರುತ್ತದೆ ನಿಜ. ಆದರೆ ಯಾವ ಮಳೆಗೆ ಯಾವ ಬಿತ್ತನೆ, ಸಾಲದ ಬಡ್ಡಿ ಎಷ್ಟು, ದಲ್ಲಾಳಿ ತೂಕದಲ್ಲಿ ಎಲ್ಲಿ ಮೋಸ ಮಾಡುತ್ತಾನೆ ಎಂದು ಲೆಕ್ಕ ಹಾಕುವುದು ಬುದ್ಧಿಯಲ್ಲದೆ ಮತ್ತೇನು? ಅದನ್ನು ವಿವೇಕದ ಖಾತೆಗೆ ಹಾಕಿದ್ದೇವಲ್ಲ ಎಂದು ಪುಸ್ತಕದ ಪರವಾಗಿ ವಾದಿಸಬಹುದು. ದುಡಿಯುವವರಿಗೆ ಜಾನಪದದ ವಿವೇಕ, ಓದಿದವರಿಗೆ ಶಾಸ್ತ್ರದ ಬುದ್ಧಿ ಎಂದು ಭಾಗ ಮಾಡುವ ಈ ಔದಾರ್ಯವನ್ನು ಕನ್ನಡ ವಿಮರ್ಶೆಯೂ ನಮಗೆ ಸಾಕಷ್ಟು ತೋರಿಸಿದೆ. ಅದರ ರುಚಿ ನಮಗೆ ಗೊತ್ತು.

5

ಈಗ ಮೇಜಿನ ಜಗಳಕ್ಕೆ ಬರೋಣ. ನಾನು ಕೂರುವ ಗುಂಪಿನಲ್ಲಿ ಐದು ಮಂದಿ ಇದ್ದೇವೆ. ಕನ್ನಡ, ಇಂಗ್ಲಿಷ್ ಬೆರೆಸಿ ಆಡುತ್ತೇವೆ. ಹೊಸ ಪುಸ್ತಕ ಬಂದ ಮೇಲೆ ಪಾತ್ರಸೃಷ್ಟಿಗೆ ಯಾವ ಕಟ್ಟಳೆ ಎಂಬ ಚರ್ಚೆ ಒಂದು ಸಂಜೆಗೆ ಮುಗಿಯಲಿಲ್ಲ. ಮೂರು ನಿಲುವುಗಳು ಹೊರಬಂದವು. ಬೇರೆ ಮೇಜುಗಳಲ್ಲೂ ಇದೇ ಮೂರು ಬರುತ್ತವೆ ಎಂದು ನನ್ನ ಗ್ರಹಿಕೆ.

ಮೊದಲನೆಯದು: ಪುಸ್ತಕ ಇದ್ದಂತೆ ಇರಲಿ. "ಮೇಷ್ಟ್ರೆ, ಆಟಾನ ಆಟದ ಥರ ಬಿಡಿ. ಎಲ್ಲದರಲ್ಲೂ ಜಾತಿ ಹುಡುಕಬೇಡಿ. ಇಷ್ಟ ಇಲ್ಲದಿದ್ರೆ ಬೇರೆ ಆಟ ಇದೆ" ಎಂದರು ಒಬ್ಬರು. ಈ ಮಾತಿಗೆ ಕನ್ನಡದಲ್ಲಿ ಒಂದು ಹಳೆಯ ಜೊತೆ ಇದೆ. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನನ್ನು ಉಳಿಸಿ, ರಾಮನ ಬಾಣವನ್ನು ಬ್ರಾಹ್ಮಣನ ಕಡೆಗೆ ತಿರುಗಿಸಿದಾಗ ಮಾಸ್ತಿಯವರು ಆಕ್ಷೇಪಿಸಿದರು. ಹಳೆಯ ಕತೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ, ಹೊಸ ಮಾತು ಹೇಳಬೇಕಿದ್ದರೆ ಹೊಸ ಕತೆ ಕಟ್ಟಬಹುದಲ್ಲ ಎಂಬುದು ಆ ಆಕ್ಷೇಪದ ತಿರುಳು. ಕುವೆಂಪು ಮಾಡಿದ್ದು ಆಟದ ಭಾಷೆಯಲ್ಲಿ ಹೇಳುವುದಾದರೆ ಒಂದು ಮನೆಯ ಕಟ್ಟಳೆ. ಕತೆ ಎಲ್ಲರದೂ ಆಗಿರುವಾಗ ಅದರ ನಿಯಮ ತಿದ್ದುವ ಹಕ್ಕು ಯಾರಿಗೆ ಎಂಬುದೇ ಅಲ್ಲಿಯ ಪ್ರಶ್ನೆ. ಇಲ್ಲಿಯದೂ ಅದೇ. ನಮಗೂ ಈ ಆಟ ಬೇಕು. ಬೇರೆ ಆಟಕ್ಕೆ ಯಾಕೆ ಹೋಗಬೇಕು?

ಎರಡನೆಯದು: ಎಲ್ಲವನ್ನೂ ಬಿಡುಗಡೆ ಮಾಡಿ. ಯಾವ ಹಿನ್ನೆಲೆಯವರಾದರೂ ಹೆಚ್ಚಳವನ್ನು ತಮಗೆ ಬೇಕಾದ ಗುಣಕ್ಕೆ ಹಾಕಿಕೊಳ್ಳಲಿ. ಇದು ಬಹಳ ಮೇಜುಗಳಲ್ಲಿ ಬಳಕೆಯಲ್ಲಿರುವ ಕಟ್ಟಳೆ, ನಾನೂ ಇದರ ಪರ. 2020ರಲ್ಲಿ ಯುಜೀನ್ ಮಾರ್ಷಲ್ ಅವರು 'ಆನ್ಸೆಸ್ಟ್ರಿ ಅಂಡ್ ಕಲ್ಚರ್' ಎಂಬ ಪುಸ್ತಕದಲ್ಲಿ ಮೈಯಿಂದ ಬಂದದ್ದು ಬೇರೆ, ಬೆಳೆದ ಪರಿಸರದಿಂದ ಕಲಿತದ್ದು ಬೇರೆ ಎಂದು ಬಿಡಿಸಿಟ್ಟದ್ದೂ ಇದೇ ದಾರಿಯ ಪ್ರಯತ್ನ. ಆದರೆ ಇಲ್ಲಿಗೇ ನಿಂತರೆ ಒಂದು ಅಪಾಯವಿದೆ. ಎಲ್ಲರೂ ಎಲ್ಲವೂ ಆಗಬಹುದಾದ ಲೋಕದಲ್ಲಿ ಹುಟ್ಟಿಗೆ ಯಾವ ಅರ್ಥವೂ ಇಲ್ಲ. ಓರ್ಕ್ ಆಗಿ ಹುಟ್ಟುವುದು ಬಣ್ಣದ ಅಂಗಿ ಹಾಕಿಕೊಂಡ ಹಾಗೆ. "ನಮ್ ಕಾಲದಲ್ಲಿ ಜಾತಿ ಎಲ್ಲಿದೆ ಸಾರ್?" ಎಂದು ನಗರದ ಬಾಡಿಗೆ ಮನೆಯ ಮಾಲೀಕರು ಕೇಳುತ್ತಾರಲ್ಲ, ಆಮೇಲೆ ಮೆಲ್ಲಗೆ "ನಾನ್ ವೆಜ್ ಮಾಡ್ತೀರಾ?" ಅನ್ನುತ್ತಾರಲ್ಲ, ಆ ಲೋಕದ ಆಟ ಅದು. ಗಾಯ ಮಾಯುವ ಮೊದಲೇ ಕಲೆ ಅಳಿಸುವ ಕೆಲಸ.

ಮೂರನೆಯದನ್ನು ನಾನು ಮುಂದಿಟ್ಟೆ: ಹುಟ್ಟಿನ ಭಾರವನ್ನು ಪಾತ್ರದ ಹಾಳೆಯಿಂದ ತೆಗೆಯೋಣ, ಆದರೆ ಎಸೆಯುವುದು ಬೇಡ. ಅದನ್ನು ಲೋಕದ ಹಾಳೆಯಲ್ಲಿ ಬರೆಯೋಣ. ಆಟ ನಡೆಸುವವರು ಪ್ರತಿ ಊರಿಗೂ ಒಂದು ಹಾಳೆ ಇಡುತ್ತಾರೆ. ಅಲ್ಲಿ ಯಾವ ಬಾವಿಗೆ ಯಾರು ಇಳಿಯುವಂತಿಲ್ಲ, ಯಾವ ಛತ್ರದಲ್ಲಿ ಯಾರಿಗೆ ಜಾಗವಿಲ್ಲ, ಯಾರ ಸಾಕ್ಷಿಯನ್ನು ಪಂಚಾಯ್ತಿ ಕೇಳುವುದಿಲ್ಲ ಎಂಬುದು ಇರಲಿ. ಹೆಬ್ಬಾಗಿಲಿನ ಕಾವಲುಗಾರನನ್ನು ಮಾತಿನಿಂದ ಒಪ್ಪಿಸಲು ಕುಲೀನನಿಗೆ ದಾಳದಲ್ಲಿ 10 ಸಾಕು, ಕೇರಿಯವಳಿಗೆ 15 ಬೇಕು ಎಂದಿರಲಿ. ಈ ಐದು ಅಂಕವನ್ನು ಕಾವಲುಗಾರನ ಹೆಸರಿನ ಮುಂದೆ ಬರೆಯಬೇಕು. ಅವಳ ವರ್ಚಸ್ಸಿನಲ್ಲಿ ಕಳೆಯಬಾರದು.

"ಎರಡೂ ಒಂದೇ ಅಲ್ವಾ? ಅವಳ ಅಂಕ ಐದು ಇಳಿಸಿದ್ರೂ, ಬಾಗಿಲಿನ ಅಂಕ ಐದು ಏರಿಸಿದ್ರೂ ಗೆಲ್ಲೋದು ಅಷ್ಟೇ ಸಲ" ಎಂದು ಗಣಿತ ಬಲ್ಲ ಗೆಳೆಯರೊಬ್ಬರು ಕೇಳಿದರು. ಆ ಬಾಗಿಲ ಮುಂದೆ ಗಣಿತ ಒಂದೇ, ಹೌದು. ಅರ್ಥ ಒಂದೇ ಅಲ್ಲ. ಪಾತ್ರದ ಹಾಳೆಯಲ್ಲಿ ಬರೆದದ್ದನ್ನು ಪಾತ್ರ ಹೋದಲ್ಲೆಲ್ಲ ಹೊತ್ತು ತಿರುಗಬೇಕು. ಕಾಡಿನಲ್ಲಿ ಒಬ್ಬಳೇ ಇದ್ದಾಗಲೂ, ತನ್ನ ಕೇರಿಯ ಜನರ ನಡುವೆ ಇದ್ದಾಗಲೂ ಅವಳ ವರ್ಚಸ್ಸು ಕಡಿಮೆಯೇ. ಲೋಕದ ಹಾಳೆಯಲ್ಲಿ ಬರೆದದ್ದು ಆ ಬಾಗಿಲಲ್ಲಿ ಮಾತ್ರ ಇದೆ. ಅದನ್ನು ಆಟದೊಳಗೇ ಬದಲಾಯಿಸಬಹುದು. ಜನ ಕಟ್ಟಬಹುದು, ಬಾವಿಗೆ ಒಟ್ಟಾಗಿ ಇಳಿಯಬಹುದು, ದಫ್ತರ ಸುಡಬಹುದು. ಅವಳ ಮೈಯೊಳಗೆ ಬರೆದದ್ದರ ವಿರುದ್ಧ ಹೋರಾಡಲು ಅವಳಿಗೆ ದಾರಿಯೇ ಇಲ್ಲ.

ಇದಕ್ಕೆ ಆಟಲೋಕದಲ್ಲಿ ಮಾದರಿ ಇಲ್ಲದಿಲ್ಲ. 2017ರಲ್ಲಿ ಕ್ರಿಸ್ ಸ್ಪೈವಿ ಎಂಬ ಕರಿಯ ಲೇಖಕ 'ಹಾರ್ಲೆಮ್ ಅನ್‌ಬೌಂಡ್' ಎಂಬ ಪುಸ್ತಕ ತಂದರು. 'ಕಾಲ್ ಆಫ್ ಕ್ತುಲು' ಎಂಬ ಭಯದ ಕತೆಗಳ ಆಟಕ್ಕೆ ಸೇರಿದ್ದು ಅದು. ಆ ಆಟ ನಿಂತಿರುವುದು ಲವ್‌ಕ್ರಾಫ್ಟ್ ಎಂಬ ಲೇಖಕನ ಕತೆಗಳ ಮೇಲೆ. ಆತನ ಜನಾಂಗದ್ವೇಷ ಎಲ್ಲರೂ ಬಲ್ಲದ್ದು. ಸ್ಪೈವಿ 1920ರ ದಶಕದ ನ್ಯೂಯಾರ್ಕಿನ ಹಾರ್ಲೆಮ್‌ಗೆ ಕತೆಯನ್ನು ತಂದು, ಕರಿಯರನ್ನು ಮುಖ್ಯ ಪಾತ್ರಗಳಾಗಿ ನಿಲ್ಲಿಸಿದರು. ಕರಿಯ ಪಾತ್ರ ಬಿಳಿಯರ ಜೊತೆ ವ್ಯವಹರಿಸುವಾಗ ಎದುರಿನವರ ದ್ವೇಷಕ್ಕೆ ತಕ್ಕಂತೆ ಕೆಲಸ ಕಷ್ಟವಾಗುವ ನಿಯಮವೊಂದನ್ನೂ ಸೇರಿಸಿದರು. ಕರಿಯರ ಗುಣಗಳಲ್ಲಿ ಏನನ್ನೂ ಕಳೆಯಲಿಲ್ಲ. ನಾನು ಲೋಕದ ಹಾಳೆ ಎನ್ನುವುದು ಇದನ್ನೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೇ 2022ರಲ್ಲಿ ಹದಿಮೂರು ಸಾಹಸಕತೆಗಳ ಒಂದು ಸಂಕಲನ ಬಂತು, ಬರೆದವರೆಲ್ಲ ಬಿಳಿಯೇತರರು. ಅದರಲ್ಲಿ ಬಂಗಾಳದ ನೆಲದ ನೆನಪುಗಳಿಂದ ಕಟ್ಟಿದ ಕತೆಯೊಂದನ್ನು ಬರೆದವರು ಮಿಮಿ ಮಂಡಲ್, ಬಂಗಾಳದ ದಲಿತ ಲೇಖಕಿ. ಪುಸ್ತಕವನ್ನು ಹೊರಗಿನಿಂದ ಟೀಕಿಸುವುದಷ್ಟೇ ನಮ್ಮ ಪಾಲಿಗೆ ಉಳಿದಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

6

ಮೂರನೆಯ ಕಟ್ಟಳೆಗೂ ಒಂದು ಕಾವಲು ಬೇಕು. ಲೋಕದ ಹಾಳೆಯಲ್ಲಿ ಜಾತಿ ಬರೆದ ಕೂಡಲೆ, ಅದನ್ನು ಬಾಯಲ್ಲಿ ಆಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನೈಜತೆಯ ಹೆಸರಿನಲ್ಲಿ ಮೇಜಿನ ಸುತ್ತ ಬೈಗುಳಗಳು ಹರಿದಾಡಿದರೆ ಅದು ಅನುಭವದ ಶೋಧ ಅನ್ನಿಸಿಕೊಳ್ಳುವುದಿಲ್ಲ, ಊರಿನ ಜಗಲಿಯೇ ಮನೆಗೆ ಬಂದ ಹಾಗಾಗುತ್ತದೆ. ಬೇರೆಯವರಿಗೆ ಜಾತಿ ಅಂದರೇನು ಎಂದು ಕಲಿಸುವ ಪಠ್ಯಪುಸ್ತಕವಾಗಿ ಕೂರಲು ಯಾವ ದಲಿತ ಆಟಗಾರರೂ ಬರುವುದಿಲ್ಲ. ಆಡಿ ಸಂತೋಷಪಡಲು ಬರುತ್ತಾರೆ. ಹಾಗಾಗಿ ಆಟಕ್ಕೆ ಮೊದಲೇ ಕೂತು ಏನು ಬರಬಹುದು, ಏನು ಬರಬಾರದು ಎಂದು ಮಾತಾಡಿಕೊಳ್ಳಬೇಕು. ಜಾನ್ ಸ್ಟಾವ್ರೊಪೌಲೊಸ್ ಬಳಕೆಗೆ ತಂದ 'ಎಕ್ಸ್ ಕಾರ್ಡ್' ಎಂಬ ಸರಳ ಉಪಾಯವೂ ಇದೆ. ಕಾಟು ಗುರುತು ಹಾಕಿದ ಒಂದು ಚೀಟಿ ಮೇಜಿನ ನಡುವೆ ಇರುತ್ತದೆ; ಯಾರಾದರೂ ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಟ್ಟಿತು. ಯಾಕೆ ಅಂತ ಯಾರೂ ಕೇಳುವಂತಿಲ್ಲ. ಮುಟ್ಟುವುದಕ್ಕೆ ಇಂಥ ಅಧಿಕಾರ ಸಿಕ್ಕಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಮ್ಮ ಮೇಜಿನಲ್ಲಿ ಈಗ ಇರುವ ಕಟ್ಟಳೆಗಳು ನಾಲ್ಕು. ಗುಣದ ಅಂಕಿ ಎಲ್ಲರಿಗೂ ಒಂದೇ ಗುಂಪು, ಹೆಚ್ಚಳ ಆಟಗಾರರ ಇಷ್ಟ. ಹಿನ್ನೆಲೆಯಿಂದ ಬರುವುದು ತಿಳಿವಳಿಕೆ, ಬಂಧುಬಳಗ, ಆಸ್ತಿ, ಸಾಲ, ಇವು ಸಮಾನವಲ್ಲ. ಊರಿನ ಅನ್ಯಾಯ ಊರಿನ ಹಾಳೆಯಲ್ಲಿ. ಚೀಟಿ ಮೇಜಿನ ಮೇಲೆ. ಐವರಲ್ಲಿ ನಾಲ್ವರು ಒಪ್ಪಿದ್ದಾರೆ. ಒಬ್ಬರು ಇನ್ನೂ ವಾದಿಸುತ್ತಿದ್ದಾರೆ, ಆಡುವುದನ್ನು ಮಾತ್ರ ಬಿಟ್ಟಿಲ್ಲ.

ಇಷ್ಟಕ್ಕೂ ಮನೆಯ ಕಟ್ಟಳೆ ಅಂದ ತಕ್ಷಣ ಒಳ್ಳೆಯದು ಎಂದು ಹಿಗ್ಗಬೇಕಾಗಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು 1923ರಲ್ಲಿ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆ 1924ರಲ್ಲಿ ಅದನ್ನು ಒಪ್ಪಿತ್ತು. ಪುಸ್ತಕದ ನಿಯಮ ಅದು. ಊರಿನ ಕಟ್ಟಳೆ ಬೇರೆ ಇತ್ತು. ಚವದಾರ್ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಎಷ್ಟೋ ಹೋಟೆಲುಗಳಲ್ಲಿ ಎರಡು ಲೋಟದ ಕಟ್ಟಳೆ ಅದಾದ ಮೇಲೂ ನಡೆಯಿತು. ಹೀಗಾಗಿ ಕಟ್ಟಳೆ ಏನು ಎಂಬುದರ ಜೊತೆಗೆ, ಅದನ್ನು ಮಾಡುವ ಮೇಜಿಗೆ ಯಾರು ಯಾರು ಕೂತಿದ್ದಾರೆ ಎಂದೂ ಕೇಳಬೇಕು.

ಕೊನೆಯದಾಗಿ ವಿಮರ್ಶೆ ಬರೆಯುವ ಗೆಳೆಯರಿಗೆ ಒಂದು ಮಾತು. 1933ರ 'ಚೋಮನ ದುಡಿ'ಯಲ್ಲಿ ಚೋಮನ ಹತ್ತಿರ ಎತ್ತುಗಳಿವೆ, ಉಳುವ ಆಸೆ ಇದೆ, ದುಡಿಯುವ ಮೈ ಇದೆ. ಇಲ್ಲದಿರುವುದು ಅವನಿಗೆ ನೆಲ ಕೊಡುವ ಊರು. ಅವನು ಸೋಲುವುದನ್ನು ಓದುವಾಗ ಆ ಸೋಲನ್ನು ಎಲ್ಲಿ ಬರೆದಿದೆ ಎಂದು ನೋಡಬೇಕು: ಚೋಮನ ಹಾಳೆಯಲ್ಲೋ, ಊರಿನ ಹಾಳೆಯಲ್ಲೋ? ಕುಡಿತ, ಹಣೆಬರಹ, ಸ್ವಭಾವ ಎಂದು ಲೇಖಕರು ಎಷ್ಟನ್ನು ಅವನ ಹಾಳೆಗೆ ದಾಟಿಸಿದ್ದಾರೆ? ನಮ್ಮ ಬಗ್ಗೆ ಬರೆದ ಪ್ರತಿ ಕೃತಿಗೂ ಈ ಪ್ರಶ್ನೆ ಹಾಕಿ ನೋಡಿ. ನಾವೇ ಬರೆದದ್ದಕ್ಕೂ ಹಾಕಿ ನೋಡಿ. ದಯೆಯಿಂದ ಬರೆದ ಎಷ್ಟೋ ಪುಟಗಳಲ್ಲಿ ಊರಿನ ಪಾಪ ಪಾತ್ರದ ದೌರ್ಬಲ್ಯವಾಗಿ ಕೂತಿರುವುದು ಕಾಣುತ್ತದೆ. ಅಂಥ ಪಾತ್ರಕ್ಕೆ ಕಣ್ಣೀರು ಸಿಗಬಹುದು, ಕೆರೆಯ ನೀರು ಸಿಗುವುದಿಲ್ಲ.